ಸೈಕಲ್ ಸ್ಟ್ಯಾಂಡಿನ ಗೋಡೆ

“ಪೀಣ್ಯದೋರು ಸೈಕಲ್ ಸ್ಟ್ಯಾಂಡ್ ಹತ್ರ ಕಟ್ಕೊಳ್ಳಿ. ಮುಂದೆಲ್ಲ ನಮ್ದು.”

ಈ ಮಾತನ್ನು ನನಗೆ ಹೇಳಿದವರು ಪ್ರಕಾಶನಗರದ ಅಭಿಮಾನಿ ಸಂಘದ ನಂಜುಂಡಪ್ಪ. ಆಗ ನನ್ನ ಮೀಸೆ ಕಪ್ಪಗಿತ್ತು. ಈಗ ಪೂರ್ತಿ ಬೆಳ್ಳಗಾಗಿದೆ. ಮಾತು ಮಾತ್ರ ಹಾಗೆಯೇ ಇದೆ. ಅದೇ ನಂಜುಂಡಪ್ಪ ಕಳೆದ ಭಾನುವಾರ ಎದುರಿಗೆ ಸಿಕ್ಕರೆ ನನಗೆ ಹೇಗಾಗಬೇಡ?

ಸಿಕ್ಕಿದ್ದು ಕೆಂಪೇಗೌಡ ರಸ್ತೆಯಲ್ಲಿ. ಮೆಜೆಸ್ಟಿಕ್ಕಿನ ಹಳೆಯ ಥಿಯೇಟರುಗಳ ಚರಿತ್ರೆಯನ್ನು ನಡೆಯುತ್ತಾ ಹೇಳುವ ‘ವಾಕ್’ ಇದೆಯೆಂದು ತಿಳಿದು, ಪೀಣ್ಯದಲ್ಲಿ ಮೆಟ್ರೋ ಹತ್ತಿದ್ದೆ. (ಅಂದು ಬಸ್ಸಿನಲ್ಲಿ ನಿಂತು ಹೋಗುತ್ತಿದ್ದೆವು. ಇಂದೂ ನಿಂತೇ ಹೋದೆ.)

ಆ ರಸ್ತೆಯ ವೈಭವವನ್ನು ಕಾಣದವರಿಗೆ ಹೇಗೆ ಹೇಳಲಿ? ಒಂದು ಥಿಯೇಟರಿನಿಂದ ಹೊರಬಂದವರು ಪಕ್ಕದ ಥಿಯೇಟರಿನ ಕ್ಯೂನಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದ್ದರು! ಹೊಸ ಚಿತ್ರ ಬಂತೆಂದರೆ ಪ್ರತಿ ಬಡಾವಣೆಯ ಅಭಿಮಾನಿ ಸಂಘವೂ ಒಂದು ‘ಸ್ಟಾರ್’ ಕಟ್ಟಬೇಕು: ಬಿದಿರು, ಬಣ್ಣದ ಕಾಗದಗಳಿಂದ ಮಾಡಿದ ಆಳೆತ್ತರದ ನಕ್ಷತ್ರ, ನಡುವೆ ಬಡಾವಣೆಯ ಹೆಸರು. ಥಿಯೇಟರಿನ ಮುಂಭಾಗದಲ್ಲಿ ಹೆಸರು ತೂಗಿದರೆ ಮಾತ್ರ ಅದು ಬಡಾವಣೆ. ಮಿಕ್ಕವು ಬೆಂಗಳೂರಿನಲ್ಲಿ ಇದ್ದೂ ಇಲ್ಲದಂತೆ.

ಪೀಣ್ಯದ ಮಗ್ಗುಲಿನ ರಾಜಗೋಪಾಲನಗರದ ನಾವು ಫ್ಯಾಕ್ಟರಿಯ ಶಿಫ್ಟ್ ಮುಗಿಸಿ, ಗ್ರೀಸ್ ಕೈಯಲ್ಲೇ ಸ್ಟಾರ್ ಹೊತ್ತು ಬಂದಾಗ ನಂಜುಂಡಪ್ಪನವರು ತೋರಿಸಿದ್ದು ಸೈಕಲ್ ಸ್ಟ್ಯಾಂಡಿನ ಬಳಿಯ ಹಿಂದಿನ ಕಾಂಪೌಂಡ್ ಗೋಡೆಯನ್ನು. ಅಲ್ಲಿ ಒಂದು ಮೊಳೆಯೂ ಇರಲಿಲ್ಲ. ನಾವೋ ವೆಲ್ಡಿಂಗ್ ಜನ. ಮುಂದಿನ ಚಿತ್ರಕ್ಕೆ ಬರುವಾಗ ದಪ್ಪನೆಯ ಕಬ್ಬಿಣದ ಕೊಕ್ಕೆಯೊಂದನ್ನು ಮಾಡಿ ತಂದು, ಗೋಡೆ ಕೊರೆದು, ಸಿಮೆಂಟ್ ಹಾಕಿ ಕೂರಿಸಿದೆವು. ಅದರ ಬುಡದ ಪ್ಲೇಟಿನ ಮೇಲೆ ವೆಲ್ಡಿಂಗ್ ರಾಡಿನಿಂದಲೇ ‘ರಾ. ಗೋ. ನಗರ’ ಎಂದು ಬರೆದಿದ್ದೆವು.

ಭಾನುವಾರ, ಗಾಜಿನ ಕಾಂಪ್ಲೆಕ್ಸ್ ಒಂದರ ಮುಂದೆ ಗೈಡ್ ಹುಡುಗಿ ನಿಂತಳು. ಥಿಯೇಟರ್ ಇದ್ದದ್ದು ಇಲ್ಲೇ ಎಂದಳು. ಯಾವ ಯಾವ ಬಡಾವಣೆಯ ಸ್ಟಾರ್‌ಗಳು ಇಲ್ಲಿ ತೂಗುತ್ತಿದ್ದವೆಂದು ಹೆಸರು ಹೇಳುತ್ತಾ ಹೋದಳು. ನಮ್ಮ ಹೆಸರು ಬರಲೇ ಇಲ್ಲ. ಬಿಡುತ್ತೇನೆಯೇ? ಪೀಣ್ಯದ ಕಡೆಯವರ ಸ್ಟಾರ್ ಏಕೆ ಬರಲಿಲ್ಲವೆಂದು ಕೇಳಿದೆ.

“ಪೀಣ್ಯ ಆಗ ಸಿಟಿನೇ ಅಲ್ವಲ್ಲಾ ಸಾರ್?” ಎಂದಳು, ನಯವಾಗಿಯೇ.

ಹಿಂದಿನಿಂದ ಯಾರೋ ನಕ್ಕರು. ಆ ನಗುವಿನ ಗುರುತು ನನಗಿಲ್ಲವೇ? ನಂಜುಂಡಪ್ಪ! ತಮ್ಮ ಸ್ಟಾರ್ ಟಿಕೆಟ್ ಕೌಂಟರಿನ ನೆತ್ತಿಯ ಮೇಲೆಯೇ ತೂಗುತ್ತಿತ್ತೆಂದು ಅವರು ವರ್ಣಿಸತೊಡಗಿದರು. ಎಲ್ಲಿ, ತೋರಿಸಿ ಎಂದು ಹುಡುಗಿ ಫೋನ್ ಎತ್ತಿ ಹಿಡಿದಳು. ಅವರ ಬೆರಳು ಗಾಜಿನ ಮೇಲೆಲ್ಲ ಅಲೆದಾಡಿ, ಕೊನೆಗೆ ಒಂದು ಮೊಬೈಲ್ ಅಂಗಡಿಯ ಬೋರ್ಡಿನತ್ತ ತಿರುಗಿ ನಿಂತಿತು.

ನಾನು ಪಕ್ಕದ ಓಣಿಗೆ ನುಗ್ಗಿದೆ. ಗುಂಪು ಹಿಂಬಾಲಿಸಿತು. ಥಿಯೇಟರನ್ನು ಕೆಡವಿದವರು ಕೌಂಟರ್, ಬಾಲ್ಕನಿ, ಪರದೆ ಎಲ್ಲವನ್ನೂ ಕೆಡವಿದ್ದರು. ಪಕ್ಕದ ಕಟ್ಟಡಕ್ಕೂ ಸೇರಿದ ಈ ಹಿಂದಿನ ಗೋಡೆಯೊಂದನ್ನು ಮಾತ್ರ ಹಾಗೆಯೇ ಬಿಟ್ಟಿದ್ದರು. ಮತ್ತು ಅಲ್ಲಿ, ಪದರ ಪದರವಾದ ಸುಣ್ಣದ ನಡುವೆ, ನಮ್ಮ ಕೊಕ್ಕೆ! ಈ ವಯಸ್ಸಿನಲ್ಲಿ ಶಿಳ್ಳೆ ಹಾಕಬಾರದೆಂದು ಕಷ್ಟಪಟ್ಟು ತಡೆದುಕೊಂಡೆ.

“ರಾ... ಗೋ... ನಗರ,” ಎಂದು ಹುಡುಗಿ ಎಲ್ಲರಿಗೂ ಕೇಳುವಂತೆ ಓದಿದಳು. ಇನ್ನು ಪ್ರತಿ ವಾಕ್‌ನಲ್ಲೂ ಜನರನ್ನು ಇಲ್ಲಿಗೆ ಕರೆತರುವೆನೆಂದು ಹೇಳಿ, ಫೋಟೋಗಾಗಿ ನನ್ನನ್ನು ಕೊಕ್ಕೆಯ ಕೆಳಗೆ ನಿಲ್ಲಿಸಿದಳು.

ನಂಜುಂಡಪ್ಪನವರು ಕೊಕ್ಕೆಯನ್ನು ನೋಡಿದರು, ನನ್ನನ್ನು ನೋಡಿದರು. ಗುರುತು ಹತ್ತಿತು.

“ಮುಂದೆ ಕಟ್ಟಿದ್ರೆ ಇದೂ ಹೋಗ್ಬಿಡ್ತಿತ್ತು ಕಣ್ರೀ. ಈ ಜಾಗ ತೋರ್ಸಿದ್ದು ಯಾರು ಅಂತ ಆ ಹುಡುಗಿಗೂ ಸ್ವಲ್ಪ ಹೇಳಿ,” ಎನ್ನುತ್ತಾ, ಕರೆಯದೆಯೇ ಬಂದು ಫೋಟೋಗೆ ನನ್ನ ಪಕ್ಕ ನಿಂತರು.

ಇಷ್ಟು ಕಾಲ ಜೋಪಾನವಾಗಿ ಇಟ್ಟುಕೊಂಡಿದ್ದ ಅವಮಾನಕ್ಕೆ ಈಗ ನಾನು ಥ್ಯಾಂಕ್ಸ್ ಬೇರೆ ಹೇಳಬೇಕೇ?