ಹಿಂದೆ ವೈರ್ ಹಿಡಿದು ಬರುತ್ತಿದ್ದವನು

ಅವನ ಅಂಗಿಯ ತೋಳು ಮಣಿಕಟ್ಟು ಮುಟ್ಟುವ ಮೊದಲೇ ಮುಗಿದುಹೋಗುತ್ತಿತ್ತು. ಭದ್ರಾವತಿಯ ಯಾವ ದರ್ಜಿಗೂ ಆ ಕೈಗಳ ಉದ್ದದ ಮೇಲೆ ನಂಬಿಕೆ ಬರುತ್ತಿರಲಿಲ್ಲ. ಅಳತೆ ತೆಗೆದ ಮೇಲೂ ತಮ್ಮ ಟೇಪೇ ತಪ್ಪಿರಬೇಕು ಅಂದುಕೊಂಡು ಒಂದಿಷ್ಟು ಕಡಿಮೆ ಮಾಡಿ ಹೊಲಿಯುತ್ತಿದ್ದರು. ಅವನ ಜೊತೆ ಮಾತಾಡಬೇಕಾದರೆ ಕತ್ತೆತ್ತಬೇಕಿತ್ತು. ಸ್ವಲ್ಪ ಹೊತ್ತು ಮಾತಾಡಿದರೆ ನನ್ನಂಥ ಗಿಡ್ಡನಿಗೆ ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು.

ಆ ಕೈಗಳಿಂದಾಗಿಯೇ ನಮ್ಮ ತಂಡದಲ್ಲಿ ಅವನಿಗೆ ವೈರ್ ಹಿಡಿಯುವ ಕೆಲಸ ಬಂತು.

ಎರಡು ಸಾವಿರದ ಇಸವಿ ದಾಟಿ ಕೆಲವೇ ವರ್ಷವಾಗಿತ್ತು. ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ನಮಗೆಲ್ಲ ರೋಬೋಟ್ ಸ್ಪರ್ಧೆಯ ಹುಚ್ಚು ಹಿಡಿದಿತ್ತು. ರೋಬೋಟ್ ಅಂದರೆ ಈಗಿನ ಮಕ್ಕಳು ಕಣ್ಣು ಮಿಟುಕಿಸಿ ಮಾತಾಡುವ ಗೊಂಬೆಯನ್ನು ನೆನೆಯುತ್ತಾರೆ. ನಮ್ಮದು ಚಪ್ಪಲಿ ಪೆಟ್ಟಿಗೆಯಷ್ಟು ದೊಡ್ಡ ಅಲ್ಯೂಮಿನಿಯಂ ಗಾಡಿ. ಒಳಗೆ ಹಳೇ ಕಾರುಗಳ ವೈಪರ್ ಮೋಟಾರು. ಪ್ಲಾಸ್ಟಿಕ್ ಟಿಫನ್ ಡಬ್ಬಿಗೆ ಸ್ವಿಚ್ಚು ಕೂರಿಸಿದ್ದೇ ರಿಮೋಟು. ಡಬ್ಬಿಗೂ ಗಾಡಿಗೂ ನಡುವೆ ಉದ್ದನೆಯ ವೈರು. ಡಬ್ಬಿ ಹಿಡಿದು ಓಡಿಸುವವನು ನಾನು. ವೈರ್ ಚಕ್ರಕ್ಕೆ ಸಿಕ್ಕದ ಹಾಗೆ ಎರಡು ಬೆರಳಲ್ಲಿ ಮೇಲೆತ್ತಿಕೊಂಡು, ದೇವರಿಗೆ ಛತ್ರಿ ಹಿಡಿದವನಂತೆ ಗಾಡಿಯ ಹಿಂದೆ ಬರುವವನು ಅವನು. ಮೋಟಾರು, ಸ್ವಿಚ್ಚು, ವೈರು ಎಲ್ಲಕ್ಕೂ ಬೆಸುಗೆ ಹಾಕಿದವಳು ವಿದ್ಯಾನಗರದ ನಮ್ಮ ಗೆಳತಿ. ಅವಳ ಬಾಯಿ ಆ ಬೆಸುಗೆ ಕಡ್ಡಿಗಿಂತ ಬಿಸಿ.

ವೈರ್ ಹಿಡಿಯುವುದೇನು ಮಹಾ ಕೆಲಸ ಎಂದು ಮೊದಲು ನಾನೂ ಅಂದುಕೊಂಡಿದ್ದೆ. ನಿಯಮ ಹೀಗಿತ್ತು: ವೈರ್ ಸದಾ ಸಡಿಲವಾಗಿರಬೇಕು. ವೈರ್ ಎಳೆದು ಗಾಡಿಯನ್ನು ತಿರುಗಿಸಿದರೂ ಔಟ್, ಬೀಳುವುದನ್ನು ತಡೆದರೂ ಔಟ್. ಹಿಂದೆಯೇ ಇರಬೇಕು, ಆದರೆ ಇದ್ದದ್ದು ಗಾಡಿಗೆ ಗೊತ್ತಾಗಬಾರದು.

ಅವನು ಮನುಷ್ಯರ ಜೊತೆಗೂ ಹಾಗೇ ಇದ್ದ. ನಾನೋ, ಚಿಂತೆಗೆ ಕಾರಣ ಹುಡುಕಿಕೊಂಡು ಹೋಗುವವನು. ವಿನೋಬನಗರದ ರೂಮಿಗೆ ಬೀಗ ಹಾಕಿ ಗೇಟಿನವರೆಗೆ ಹೋಗಿ ಮತ್ತೆ ಬಂದು ಬೀಗ ಜಗ್ಗಿ ನೋಡುತ್ತಿದ್ದೆ. ಪರೀಕ್ಷೆಗೆ ಹೋಗುವ ದಾರಿಯಲ್ಲಿ ಹಾಲ್ ಟಿಕೆಟ್ ತಡವುತ್ತಿದ್ದೆ. "ನಿನ್ನ ತಲೆಗೂ ಒಂದು ಸ್ವಿಚ್ ಹಾಕ್ಬೇಕು ಮಾರಾಯ, ಆಫ್ ಮಾಡೋಕೆ" ಎಂದು ಗೆಳತಿ ರೇಗುತ್ತಿದ್ದಳು. ಅವನು ಮಾತ್ರ ಬೈಯುತ್ತಿರಲಿಲ್ಲ, ಬುದ್ಧಿ ಹೇಳುತ್ತಿರಲಿಲ್ಲ. "ನೀನು ಹೋಗ್ತಾ ಇರು, ನಾನು ಹಿಂದೆ ಇದೀನಿ" ಅನ್ನುತ್ತಿದ್ದ. ವೈವಾ ರೂಮಿಗೂ ಅದೇ ಮಾತು, ಹಲ್ಲು ಕೀಳಿಸಲು ಹೋದಾಗಲೂ ಅದೇ ಮಾತು.

ಶಿವಮೊಗ್ಗದ ಸ್ಪರ್ಧೆಯಲ್ಲಿ ಗೆದ್ದ ಮೊದಲ ಎರಡು ತಂಡಕ್ಕೆ ಮುಂಬೈಯ ದೊಡ್ಡ ಸ್ಪರ್ಧೆಗೆ ಹೋಗುವ ಅವಕಾಶವಿತ್ತು. ಆಸೆ ನಮ್ಮ ಮೂವರಿಗೂ ಇತ್ತು. ಅವನಿಗೆ ಎಲ್ಲರಿಗಿಂತ ಹೆಚ್ಚು. ಅವನಪ್ಪ ಕಾರ್ಖಾನೆ ಬಿಟ್ಟರೆ ಮನೆ, ಮನೆ ಬಿಟ್ಟರೆ ಕಾರ್ಖಾನೆ ಅನ್ನುವವರು. ಮಗ ಮುಂಬೈ ನೋಡುತ್ತಾನೆ ಎಂದು ಕ್ವಾರ್ಟರ್ಸಿನ ಇಡೀ ಸಾಲಿಗೆ ಹೇಳಿಬಿಟ್ಟಿದ್ದರು. ರೈಲಿಗೆಂದು ಕೊಡುಬಳೆ ಮಾಡುವುದಾಗಿ ಅವನಮ್ಮ ತೀರ್ಮಾನಿಸಿಯಾಗಿತ್ತು. ಪಕ್ಕದ ಮನೆಯ ತಮಿಳು ಆಂಟಿ ತಮ್ಮ ಮದುವೆಯ ಸೂಟ್‌ಕೇಸನ್ನು ಒರೆಸಿ ಕೊಟ್ಟಿದ್ದರು.

ಸ್ಪರ್ಧೆಯ ದಿನ ಪ್ಲೈವುಡ್ಡಿನ ಕಿರಿದಾದ ಸೇತುವೆಯೊಂದನ್ನು ದಾಟಬೇಕಿತ್ತು. ಅರ್ಧ ಚೆನ್ನಾಗಿಯೇ ಹೋಯಿತು. ಚೆನ್ನಾಗಿ ಹೋಗುತ್ತಿದೆ ಎಂದೇ ನನಗೆ ಭಯವಾಯಿತು. ಬೆವೆತ ಹೆಬ್ಬೆರಳು ಸ್ವಿಚ್ಚಿನ ಮೇಲೆ ಒಂದು ಕ್ಷಣ ಜಾಸ್ತಿ ನಿಂತಿತು. ಬಲಗಡೆಯ ಚಕ್ರ ಅಂಚು ಬಿಟ್ಟು ಗಾಳಿಯಲ್ಲಿ ತಿರುಗತೊಡಗಿತು. ಗಾಡಿ ವಾಲಿ, ಬೀಳಲೋ ಬೇಡವೋ ಎಂಬಂತೆ ನಿಂತಿತು.

ನಾನು ಅವನನ್ನು ನೋಡಿದೆ. ರೆಫ್ರಿ ಆಚೆ ಬದಿಯಲ್ಲಿ ಸ್ಟಾಪ್‌ವಾಚ್ ನೋಡುತ್ತಿದ್ದರು. ಎರಡು ಬೆರಳು ಸ್ವಲ್ಪ ಮೇಲೆ ಹೋದರೆ ಸಾಕಿತ್ತು. ಅವನು ಎಳೆಯಲಿಲ್ಲ. ವೈರನ್ನು ಇನ್ನೊಂಚೂರು ಸಡಿಲ ಬಿಟ್ಟ.

ಗಾಡಿ ಅಂಗಾತ ಬಿದ್ದು, ಮಗುಚಿದ ಜಿರಳೆಯ ಹಾಗೆ ಚಕ್ರ ಆಡಿಸುತ್ತಿತ್ತು. ಅವನು ಮಾತ್ರ ಕೈ ಎತ್ತಿಕೊಂಡು ನಿಂತೇ ಇದ್ದ.

"ಕೈ ಇಳ್ಸು ಮಾರಾಯ, ಮುಗೀತು" ಅಂದಳು ಗೆಳತಿ. ಹೊರಗೆ ಬಂದ ಮೇಲೆ ಸಿಡಿದಳು: "ಒಂಚೂರು ಎಳೆದಿದ್ರೆ ನಿನ್ನ ಗಂಟೇನ್ ಹೋಗ್ತಿತ್ತು? ಆ ರೆಫ್ರಿ ನೋಡ್ತಾನೇ ಇರ್ಲಿಲ್ಲ!"

"ನೋಡ್ತಿರ್ಲಿಲ್ಲ, ಹೌದು."

"ಮತ್ತೆ?"

ಅವನು ವೈರನ್ನು ಮೊಣಕೈಗೆ ಸುತ್ತುತ್ತಾ ನಿಧಾನವಾಗಿ ಹೇಳಿದ: "ಎಳೆದಿದ್ರೆ ದಾಟ್ತಿತ್ತು. ಆದ್ರೆ ದಾಟಿದ್ದು ನನ್ನ ಕೈ ಆಗ್ತಿತ್ತು, ಗಾಡಿ ಅಲ್ಲ." ಆಮೇಲೆ ನನ್ನ ಕಡೆ ತಿರುಗಿ, "ನೀನು ಚೆನ್ನಾಗೇ ಓಡಿಸ್ದೆ ಕಣೋ" ಅಂದ. ಅದು ಸುಳ್ಳು. ಅವನ ಬಾಯಲ್ಲಿ ನಾನು ಕೇಳಿದ ಸುಳ್ಳು ಅದೊಂದೇ.

ಮಾರನೇ ದಿನ ನಮ್ಮಿಬ್ಬರನ್ನೂ ಭದ್ರಾವತಿಗೆ ಎಳೆದುಕೊಂಡು ಹೋದ. ಕೊಡುಬಳೆ ಆಗಲೇ ಕರಿದಾಗಿತ್ತು. ಆಂಟಿಯ ಸೂಟ್‌ಕೇಸೇ ಟೀಪಾಯಿ. "ಬಾಂಬೆ ಎಲ್ಲಿ ಓಡಿ ಹೋಗುತ್ತೆ? ಅಲ್ಲೇ ಇರುತ್ತೆ. ತಿನ್ನಿ ಕಣ್ಣಾ" ಎಂದು ಆಂಟಿ ತಟ್ಟೆ ಮುಂದಕ್ಕೆ ತಳ್ಳಿದರು. ಅಷ್ಟು ಹೊತ್ತು ಅವನ ಹತ್ತಿರ ಮಾತು ಬಿಟ್ಟಿದ್ದ ಗೆಳತಿ ಕೊನೆಗೆ ಬಾಯಿ ತೆರೆದಳು: "ಕೊಡುಬಳೆ ಮುಖ ನೋಡಿ ಕ್ಷಮಿಸ್ತಿದೀನಿ. ನಿನ್ನ ಮುಖ ನೋಡಿ ಅಲ್ಲ."

ಮುಂಬೈಯನ್ನು ಅವನು ನೋಡಲೇ ಇಲ್ಲ. ಓದು ಮುಗಿದು ಕೆಲವು ವರ್ಷಕ್ಕೆ ರಕ್ತದ ಕಾಯಿಲೆ ಬಂತು. ನನಗೆ ಜೀವಮಾನದಲ್ಲಿ ಮೊದಲ ಸಲ ಚಿಂತೆಗೆ ನಿಜವಾದ ಕಾರಣ ಸಿಕ್ಕಿತ್ತು. ನಾನದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಆ ಡಾಕ್ಟರು, ಈ ಡಾಕ್ಟರು, ಮಣಿಪಾಲ, ಬೆಂಗಳೂರು. ಕರೆದಲ್ಲಿಗೆಲ್ಲ ಬಂದ. ಕೊನೆಗೆ ಬೆಂಗಳೂರಿನ ಡಾಕ್ಟರೇ, ಇನ್ನು ಊರಿಗೆ ಕರೆದುಕೊಂಡು ಹೋಗಿ ಎಂದರು. ಆದರೂ ನಾನು ಬಿಡಲಿಲ್ಲ. ಹೊಳಲೂರಿನ ಕಡೆ ಯಾರೋ ಬೇರಿನ ಔಷಧಿ ಕೊಡುತ್ತಾರೆಂದು ಕೇಳಿ, ಒಂದು ಮಧ್ಯಾಹ್ನ ಊರಿಗೆ ಹತ್ತಿರವೆಂದು ಅವನನ್ನು ಸೇರಿಸಿದ್ದ ಶಿವಮೊಗ್ಗದ ಆಸ್ಪತ್ರೆಗೆ ಬಾಡಿಗೆ ಕಾರು ತಂದು ನಿಲ್ಲಿಸಿದೆ.

ಆಸ್ಪತ್ರೆಯ ಮಂಚವೂ ಅವನಿಗೆ ಗಿಡ್ಡವೇ. ಪಾದಗಳು ಕಂಬಿಯಾಚೆ ಚಾಚಿದ್ದವು. ಕಿಟಕಿಯವರೆಗೆ ನಡೆಯುತ್ತೇನೆ ಎಂದು ಎದ್ದ. ಡ್ರಿಪ್ ಬಾಟಲಿ ಎತ್ತಿ ಹಿಡಿದು ಹಿಂದೆ ಹೊರಟೆ. ನನ್ನ ಕೈ ಎಷ್ಟು ಚಾಚಿದರೂ ಅವನ ಎತ್ತರಕ್ಕೆ ಸಾಲದು. ನಳಿಗೆಯಲ್ಲಿ ರಕ್ತ ವಾಪಸ್ ಏರಿತು. "ಮೇಲೆ ಹಿಡೀರಿ ಸಾರ್!" ಎಂದು ನರ್ಸ್ ಗದರಿದರು.

"ನಿಂಗೆ ರಿಮೋಟೇ ಸರಿ ಕಣೋ" ಎಂದು ಅವನು ನಕ್ಕ. ಕಿಟಕಿಯಿಂದ ಕೆಳಗೆ ನೋಡಿ, "ಆ ಕಾರು ನೀನು ತಂದಿದ್ದಾ?" ಅಂದ.

"ಹೊಳಲೂರ ಹತ್ರ ಒಬ್ರು..."

"ಎಳೀಬೇಡ."

ಅಷ್ಟೇ. ಸಿಟ್ಟಿರಲಿಲ್ಲ. ಮಂಚದ ಕಡೆ ತಿರುಗಿ ಒಂದು ಹೆಜ್ಜೆ ಇಟ್ಟು, "ಈಗ ನಾನು ಹೋಗ್ತಾ ಇರ್ತೀನಿ. ನೀನು ಹಿಂದೆ ಇರು" ಅಂದ.

ಹಿಮ್ಮಡಿ ಎತ್ತಿ, ಉಸಿರು ಹಿಡಿದು, ನಳಿಗೆ ಬಿಗಿಯಾಗದಂತೆ ಅವನ ಹಿಂದೆ ನಡೆದೆ. ಅವನು ಮಲಗಿದ ಮೇಲೆ ಕೆಳಗೆ ಹೋಗಿ ಕಾರಿನವನನ್ನು ಕಳಿಸಿಬಿಟ್ಟೆ. ಆಮೇಲೆ ಯಾವ ಡಾಕ್ಟರ ಹೆಸರನ್ನೂ ಎತ್ತಲಿಲ್ಲ. ದಿನಾ ಹೋಗಿ ಕೂರುತ್ತಿದ್ದೆ. ಹಳೇ ಗಾಡಿಯ ಮಾತಾಡುತ್ತಿದ್ದೆವು. ಚಿಂತೆಯನ್ನೆಲ್ಲ ಹೊರಗೆ ಸ್ಕೂಟರಿನ ಹತ್ತಿರ ಬಿಟ್ಟು ಒಳಗೆ ಹೋಗುವುದನ್ನು ಕಲಿತೆ. ಅಷ್ಟನ್ನು ಕಲಿಸಿದವನು ಅವನೇ.

ಆಸ್ಪತ್ರೆಯಿಂದ ಕರೆತಂದ ಮೇಲೆ ಭದ್ರಾವತಿಯ ಮನೆಯಲ್ಲೇ ತೀರಿಕೊಂಡ. ಅವರಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಗುಂಡಿಯಲ್ಲಿ, ವಿಭೂತಿ ಹಚ್ಚಿಕೊಂಡು, ಆ ಉದ್ದನೆಯ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಹೊಸ ಅಂಗಿ ಹಾಕಿದ್ದರು. ಅದರ ತೋಳೂ ಗಿಡ್ಡ. ನನ್ನ ಸರದಿ ಬಂದಾಗ ಹಿಡಿ ಮಣ್ಣು ಹಿಡಿದು ಅಂಚಿಗೆ ಹೋಗಿ, ಅವನ ಮುಖ ನೋಡಲು ಅಭ್ಯಾಸಬಲದಿಂದ ಮೊದಲು ಕತ್ತೆತ್ತಿದೆ. ಆಮೇಲೆ ತಗ್ಗಿಸಿದೆ.