ಸುಮಂಗಲಾ ಏನು ಕಲಿಸುತ್ತಿದ್ದಳು?

ಮಗಳ ಹೆಣದ ಮುಂದೆ ಹಾಡಿಕೊಂಡು ಅಳುತ್ತಿದ್ದ ತಾಯಿ ನಡುವೆಯೇ ಅಳು ನಿಲ್ಲಿಸಿ ಪ್ರಶ್ನೆ ಕೇಳಿದ್ದನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದೆ. ಹೋದ ವಾರ, ಹನುಮಸಾಗರದಲ್ಲಿ. ಆ ಪ್ರಶ್ನೆ ಕೇಳಿದ್ದು ನನ್ನನ್ನೇ.

ನನ್ನ ಗೆಳತಿ ಸುಮಂಗಲಾಳ ಮಣ್ಣಿಗೆ ಹೋಗಿದ್ದೆ. ಕುಷ್ಟಗಿಯಲ್ಲಿ ಪಾಠ ಮುಗಿಸಿ ಗಂಗಾವತಿ ಬಸ್ಸು ಹತ್ತಿದವಳು, ಕಿಟಕಿಗೆ ತಲೆ ಆನಿಸಿ ಕುಳಿತವಳು, ಮತ್ತೆ ಏಳಲೇ ಇಲ್ಲ. ನಿದ್ದೆ ಹತ್ತಿರಬೇಕು ಎಂದುಕೊಂಡು ಕಂಡಕ್ಟರ್ ಊರು ಬರುವ ತನಕ ಎಬ್ಬಿಸಿರಲಿಲ್ಲವಂತೆ. ಹಾರ್ಟ್ ಅಟ್ಯಾಕ್ ಅಂದರು ಡಾಕ್ಟರು. ಇನ್ನೂ ಐವತ್ತು ತುಂಬಿರಲಿಲ್ಲ. (ಬಿಪಿ ಇತ್ತು. ತೋರಿಸಿಕೊಂಡು ಬಾರೇ ಎಂದರೆ "ನಾಳೆ ಹೋಗ್ತೀನಿ" ಎನ್ನುತ್ತಿದ್ದಳು. ಅವಳ ನಾಳೆಗೆ ಬೆಂಕಿ ಬೀಳಲಿ.)

ಹನುಮಸಾಗರದಲ್ಲಿ ಅವಳ ತಮ್ಮನ ಮನೆ. ತಾಯಿ ಶಂಕ್ರಮ್ಮ ಇರುವುದೂ ಅಲ್ಲೇ. ಪಡಸಾಲೆಯ ಗೋಡೆಗೆ ಒರಗಿಸಿ ಸುಮಂಗಲಾಳನ್ನು ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಮಾಲೆ. ಸುತ್ತ ಹೆಂಗಸರು, ಹೊರಗೆ ಭಜನೆಯವರು.

ನಮ್ಮ ಕಡೆ ಹೆಣ್ಣುಮಕ್ಕಳು ಸುಮ್ಮನೆ ಅಳುವುದಿಲ್ಲ, ಗೊತ್ತಲ್ಲ? ಹಾಡಿಕೊಂಡು ಅಳುತ್ತಾರೆ. ಸತ್ತವರು ಹೇಗೆ ಬೆಳೆದರು, ಏನು ಉಂಡರು, ಏನು ದುಡಿದರು, ಯಾರನ್ನು ಬಿಟ್ಟು ಹೋದರು, ಎಲ್ಲವೂ ಆ ಹಾಡಿನಲ್ಲಿ ಬರಬೇಕು. ಬರೆದಿಟ್ಟ ಹಾಡಲ್ಲ, ಅಲ್ಲೇ ಹುಟ್ಟಬೇಕು. ಸುಳ್ಳು ಮಾತ್ರ ಬರಕೂಡದು. ಯಾಕೆಂದರೆ ಯಾರ ಬಗ್ಗೆ ಹಾಡುತ್ತಾರೋ ಅವರು ಎದುರಿಗೇ ಕುಳಿತಿರುತ್ತಾರೆ.

"ಗಂಡಿಲ್ಲ, ಮಕ್ಕಳಿಲ್ಲ. ಪಾಪ, ಏನಂತ ಹಾಡ್ಬೇಕು ಈಕಿನ್ನ?" ಎಂದಳು ನನ್ನ ಪಕ್ಕದಲ್ಲಿದ್ದ ಒಬ್ಬ ಹೆಂಗಸು, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ.

ನನಗೆ ಮೈಯೆಲ್ಲ ಉರಿಯಿತು. ಸಾವಿನ ಮನೆಯಲ್ಲಿ ಜಗಳ ಯಾಕೆ ಎಂದು ಹಲ್ಲು ಕಚ್ಚಿ ಕುಳಿತೆ.

ಶಂಕ್ರಮ್ಮ ಹಾಡಿಕೊಂಡು ಅಳುತ್ತಿದ್ದರು. ರೊಟ್ಟಿಗೆ ಕೆಂಪುಖಾರ ಹಚ್ಚಿಕೊಂಡು ಸಾಲಿಗೆ ಓಡುತ್ತಿದ್ದಿ ನನ ಮಗಳ, ಅಪ್ಪನ ಹೆಗಲ ಮೇಲೆ ಕುಂತು ಹೊಲಕ್ಕೆ ಬರುತ್ತಿದ್ದಿ ನನ ಮಗಳ... ಬಾಲ್ಯ ಮುಗಿಯಿತು, ಕಾಲೇಜು ಮುಗಿಯಿತು, ಹೈದರಾಬಾದಿನ ಓದೂ ಮುಗಿಯಿತು. "ಊರೂರು ತಿರುಗಿ ಇಂಗ್ಲಿಷ್ ಕಲಿಸಿದಿ ನನ ಮಗಳ" ಎಂದವರೇ ತಟ್ಟನೆ ನಿಂತರು. ಮಗಳ ಮುಖ ನೋಡಿದರು.

"ಇಂಗ್ಲಿಷ್ ಅಲ್ಲ ಅದು," ಎಂದರು. ಹಾಡಿನ ದನಿಯಲ್ಲ, ದಿನದ ಮಾತಿನ ದನಿ. ಆಮೇಲೆ ಹೆಂಗಸರ ನಡುವೆ ನನ್ನನ್ನು ಹುಡುಕಿ ಕೇಳಿದರು, "ನೀ ಕೂಡಿ ಓದಿದಾಕಿ. ಹೇಳವಾ, ನನ್ನ ಮಗಳು ಏನು ಕಲಸ್ತಿದ್ಲು?"

ಇಡೀ ಪಡಸಾಲೆ ನನ್ನತ್ತ ತಿರುಗಿತು.

ಸುಮಂಗಲಾ ಕಲಿಸುತ್ತಿದ್ದುದು ಸ್ಪ್ಯಾನಿಷ್. ಹೌದು ಮಾರಾಯರೇ, ಗಂಗಾವತಿಯಲ್ಲಿ ಕೂತು ಸ್ಪ್ಯಾನಿಷ್.

ನಾವಿಬ್ಬರೂ ಹೈದರಾಬಾದಿಗೆ ಹೋಗಿದ್ದು ಇಂಗ್ಲಿಷ್ ಎಂ.ಎ. ಮಾಡಲಿಕ್ಕೆ. ನನಗೆ ಸೀಟು ಸಿಕ್ಕಿತು, ಅವಳಿಗೆ ಸಿಗಲಿಲ್ಲ. ಖಾಲಿ ಇದ್ದದ್ದು ಸ್ಪ್ಯಾನಿಷ್ ಒಂದೇ. "ಇಲ್ಲಿ ತನಕ ಬಂದದ್ದಾಗೈತಿ, ಏನರೆ ಒಂದು ಕಲ್ತೇ ಹೋಗೂಣು" ಎಂದು ಸೇರಿಕೊಂಡಳು. ಮೊದಮೊದಲು ಅತ್ತಳು. ಆಮೇಲೆ ಬಟ್ಟೆ ಒಗೆಯುವಾಗ, ತಲೆ ಬಾಚುವಾಗ, ಮೆಸ್ಸಿನ ಸಾಲಿನಲ್ಲಿ ನಿಂತಾಗ ಸ್ಪ್ಯಾನಿಷ್ ಪದಗಳನ್ನು ಗುನುಗಲು ಶುರುಮಾಡಿದಳು. ಆ ಭಾಷೆ ಅವಳನ್ನು ಹಿಡಿದುಕೊಂಡಿತು. ಕೊನೆಗೆ ನಾನು ಇಂಗ್ಲಿಷ್ ಪಾಸಾದೆ, ಅವಳು ಸ್ಪ್ಯಾನಿಷ್ ಕಲಿತಳು. ಎರಡಕ್ಕೂ ಎಷ್ಟು ವ್ಯತ್ಯಾಸವಿದೆ ನೋಡಿ.

ಹೈದರಾಬಾದಿನಲ್ಲೇ ಅನುವಾದದ ನೌಕರಿ ಸಿಕ್ಕಿತ್ತು. ಬಿಟ್ಟು ಬಂದಳು.

"ಯಾಕೆ?"

"ಇಲ್ಲಿ ಕಲಿಸೋರು ಬೇಕಾದಷ್ಟು ಮಂದಿ ಅದಾರ. ನಮ್ಮ ಕಡೆ ಯಾರದಾರ?"

"ನಮ್ಮ ಕಡೆ ಕಲಿಯೋರಾದ್ರೂ ಯಾರದಾರ, ಅದನ್ನ ಹೇಳು ಮೊದ್ಲ," ಎಂದೆ. ನಕ್ಕಳು. ನಕ್ಕರೆ ಮುಗಿಯಿತು, ಅವಳ ಜೊತೆ ವಾದ ಮಾಡಿ ಗೆದ್ದವರಿಲ್ಲ.

ಗಂಗಾವತಿಯಲ್ಲಿ ಕ್ರಿಮಿನಾಶಕದ ಅಂಗಡಿಯ ಮೇಲೊಂದು ರೂಮು ಹಿಡಿದಳು. ಮೆಟ್ಟಿಲು ಹತ್ತಿದರೆ ಔಷಧದ ಘಾಟಿಗೆ ತಲೆ ಸುತ್ತುತ್ತಿತ್ತು. ಯಾರೂ ಬರುವುದಿಲ್ಲ ಎಂದುಕೊಂಡಿದ್ದೆ. ಬಂದರು. ಆನೆಗುಂದಿ ಕಡೆ ಪ್ರವಾಸಿಗರನ್ನು ಸುತ್ತಾಡಿಸುವವರು ಬಂದರು. ಶ್ರೀರಾಮನಗರದಿಂದ ಭತ್ತ ಬೆಳೆಯುವವರ ಮನೆಯ ಹೆಣ್ಣುಮಗಳೊಬ್ಬಳು, ಮದುವೆಯಾಗಿ ಮಕ್ಕಳನ್ನು ಹೆತ್ತ ಮೇಲೆ, ಸುಮ್ಮನೆ ಆಸೆಗೆ ಬಂದಳು. ಕುಷ್ಟಗಿಯ ಬೀಜದ ಕಂಪನಿಯವರು ಕರೆದರು. ಅವರ ಬೀಜ ಸಮುದ್ರ ದಾಟಿ ಹೋಗುತ್ತಿತ್ತು, ಕೊಳ್ಳುವವರ ಜೊತೆ ಮಾತಾಡಬೇಕಿತ್ತು. ಕೊಪ್ಪಳದಲ್ಲಿ ನನ್ನ ಮನೆಯ ಹಿತ್ತಿಲ ಕೋಣೆಯಲ್ಲೇ ಒಂದು ಕ್ಲಾಸು. ಜೀವನವೆಲ್ಲ ಬಸ್ಸಿನಲ್ಲೇ ಕಳೆಯಿತು ಅವಳದು. ಕೊನೆಗೆ ಜೀವವೂ ಅಲ್ಲೇ ಹೋಯಿತು.

ಯಲಬುರ್ಗಾದ ಒಂದು ಶಾಲೆಯಲ್ಲಿ ಶನಿವಾರ ಪುಕ್ಕಟೆ ಪಾಠ ಮಾಡುತ್ತಿದ್ದಳು. ಕಿನ್ನಾಳದ ಕಟ್ಟಿಗೆಯ ಗಿಳಿ, ಕುದುರೆ, ಹಣ್ಣು ಎಲ್ಲ ಚೀಲದಲ್ಲಿ ತುಂಬಿಕೊಂಡು ಹೋಗುವಳು. ಒಂದೊಂದೇ ತೆಗೆದು ತೋರಿಸಿ ಹೆಸರು ಹೇಳಿಸುವಳು. ಮಕ್ಕಳು ಕುಣಿಯುತ್ತಿದ್ದವು. ಅಪ್ಪಂದಿರು ಬಂದು "ಇದರಿಂದ ಪರೀಕ್ಷಾದಾಗ ಮಾರ್ಕ್ಸ್ ಬರ್ತಾವೇನ್ರಿ?" ಎಂದು ಕೇಳಿದರು. ಕ್ಲಾಸು ನಿಂತಿತು. ಅವತ್ತು ನನ್ನ ಅಡುಗೆಮನೆಯಲ್ಲಿ ಕುಳಿತು ಗಳಗಳ ಅತ್ತಳು. ಆಮೇಲೆ ಎರಡು ತಟ್ಟೆ ಮಂಡಾಳ ಒಗ್ಗರಣೆ ತಿಂದು, ಮುಖ ತೊಳೆದುಕೊಂಡು, ಕುಷ್ಟಗಿಗೆ ಹೋದಳು.

ಸ್ಪೇನನ್ನು ಅವಳು ನೋಡಲೇ ಇಲ್ಲ. ಪಾಸ್‌ಪೋರ್ಟ್ ಮಾಡಿಸಿದ್ದಳು, ಅದರ ಅವಧಿ ಮುಗಿದು ಇನ್ನೊಂದು ಮಾಡಿಸಿದ್ದಳು. ಹೋಗಿ ಬಾ ಎಂದಾಗೆಲ್ಲ "ಹೊಸ ಬ್ಯಾಚ್ ಶುರು ಆಗೈತಿ, ಈಗ ಬ್ಯಾಡ" ಎನ್ನುತ್ತಿದ್ದಳು.

ಮತ್ತೆ ಈ ಇಂಗ್ಲಿಷ್ ಎಲ್ಲಿಂದ ಬಂತು? ವರ ನೋಡುವಾಗ ಬಂತು. ಹುಡುಗಿ ಏನು ಮಾಡುತ್ತಾಳೆ ಎಂದು ಕೇಳಿದವರಿಗೆ ಶಂಕ್ರಮ್ಮ "ಅದೇನೋ ಫಾರಿನ್ ಮಾತು ಕಲಸ್ತಾಳ್ರಿ" ಎಂದರೆ ಬೀಗರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಮತ್ತೆ ಎಳೆಎಳೆಯಾಗಿ ವಿವರಿಸಬೇಕು. ಹಾಗಾಗಿ ಇಂಗ್ಲಿಷ್ ಟೀಚರ್ ಅಂದುಬಿಟ್ಟರು. ಅಷ್ಟಕ್ಕೇ ಎಲ್ಲರ ಬಾಯಿ ಮುಚ್ಚಿತು. ಯಾವ ಸಂಬಂಧವೂ ಕೂಡಲಿಲ್ಲ, ಇಂಗ್ಲಿಷ್ ಮಾತ್ರ ಉಳಿದುಕೊಂಡಿತು. "ಇರ್ಲಿ ಬಿಡು, ಅವ್ವಗ ಯಾಕ ತ್ರಾಸ" ಎಂದು ಸುಮಂಗಲಾ ಕೂಡ ತಿದ್ದಲಿಲ್ಲ. ಮಕ್ಕಳ ಒಂದು ತಪ್ಪು ಉಚ್ಚಾರವನ್ನೂ ಬಿಡದವಳು ಇದೊಂದನ್ನು ಬಿಟ್ಟಳು.

"ಸ್ಪ್ಯಾನಿಷ್ ಕಲಸ್ತಿದ್ಲು, ಅವ್ವಾ," ಎಂದೆ.

"ಯಾವ ಮಂದಿ ಮಾತದು?"

"ಸಮುದ್ರದ ಆಚಿ ಕಡಿ ಮಂದೀದು. ಒಂದಲ್ಲ, ಭಾಳ ದೇಶದಾಗ ಆಡ್ತಾರ."

"ಅಷ್ಟೂ ಮಂದಿ ಮಾತು ನನ್ನ ಮಗಳಿಗೆ ಬರ್ತಿತ್ತೇನು?"

"ಛಲೋತ್ನಾಗ ಬರ್ತಿತ್ತು."

ಶಂಕ್ರಮ್ಮ ಮಗಳ ಕೆನ್ನೆ ಸವರಿದರು. "ಹೆಂಗಿರತೈತಿ ಅದು? ಒಂದೀಟು ಆಡಿ ತೋರ್ಸು. ನಾ ಒಮ್ಮೆನೂ ಕೇಳಿಲ್ಲ."

ನಾನೇನು ಆಡಲಿ? ನನಗೆ ಬರುವುದು ನಮಸ್ಕಾರ, ಧನ್ಯವಾದ, ಅಷ್ಟೇ. ಅದನ್ನು ಹೆಣದ ಮುಂದೆ ಹೇಳುವುದೇ? ಅಷ್ಟರಲ್ಲಿ ಬಾಗಿಲ ಹತ್ತಿರ ನಿಂತಿದ್ದ ಖಾಜಾ ಒಳಗೆ ಬಂದ. ಗಡ್ಡ ನರೆತ ಮನುಷ್ಯ. ಆನೆಗುಂದಿಯಲ್ಲಿ ಪ್ರವಾಸಿಗರಿಗೆ ಊರು ತೋರಿಸುವುದು ಅವನ ಕೆಲಸ. ಸುಮಂಗಲಾಳ ಮೊದಲ ಬ್ಯಾಚಿನ ವಿದ್ಯಾರ್ಥಿ. ಹೆಂಗಸರ ನಡುವೆ ಗಂಡಸು ಯಾಕೆ ಎಂದು ಯಾರೋ ಗೊಣಗಿದರು. "ಬರ್ಲಿ ಬಿಡ್ರಿ" ಎಂದರು ಶಂಕ್ರಮ್ಮ.

ಖಾಜಾ ಅವಳ ಎದುರಿಗೆ ಮಂಡಿಯೂರಿ ಕುಳಿತು ಸ್ಪ್ಯಾನಿಷ್‌ನಲ್ಲಿ ಮಾತಾಡತೊಡಗಿದ. ಮೊದಲು ಮೆಲ್ಲಗೆ, ಆಮೇಲೆ ಸರಾಗವಾಗಿ. ಅಂಗಳದಲ್ಲಿ ಭಜನೆಯವರು ತಾಳ ನಿಲ್ಲಿಸಿದರು. ಬಾಗಿಲಲ್ಲಿದ್ದ ಮುದುಕರೊಬ್ಬರು ಮಂತ್ರ ಎಂದುಕೊಂಡು ಕೈ ಮುಗಿದರು. ಒಂದು ಕಡೆ ಖಾಜಾ ತಡವರಿಸಿದ. ತಪ್ಪಿದನೋ ಏನೋ, ಹಿಂದಕ್ಕೆ ಹೋಗಿ ಅದೇ ವಾಕ್ಯವನ್ನು ಇನ್ನೊಮ್ಮೆ ಹೇಳಿದ. ಹೇಳಿ, ಸರಿ ಆಯ್ತಾ ಎಂಬಂತೆ ಅವಳ ಮುಖ ನೋಡಿದ. ಅಲ್ಲಿಗೆ ಅವನ ಕಟ್ಟೆ ಒಡೆಯಿತು. ನನ್ನದೂ.

"ಏನಂದ್ಯಪ್ಪಾ?" ಎಂದು ಕೇಳಿದರು ಶಂಕ್ರಮ್ಮ.

"ನಮ್ಮ ಹೊಳಿ ಬಗ್ಗೆ ಅಂದೆ, ಅವ್ವಾರ. ಹೊಳಿ, ಗುಡ್ಡ, ನಮ್ಮ ಹರಗೋಲು. ನಾ ಕನ್ನಡದಾಗ ಹೇಳಿದ್ದೆ, ಮೇಡಮ್ಮೋರು ಅದನ್ನ ಫಾರಿನ್ ಮಂದಿ ಮಾತಿನಾಗ ಕೂಡಿಸಿ ಕೊಟ್ರು. ದಿನಾ ಊರು ನೋಡಾಕ ಬಂದೋರಿಗೆ ಇದನ್ನ ಹೇಳೇ ನನ್ನ ಮಕ್ಕಳ ಹೊಟ್ಟಿ ತುಂಬಸ್ತೀನಿ."

ಶಂಕ್ರಮ್ಮ ಮಗಳ ಕೊರಳ ಮಾಲೆ ಸರಿಪಡಿಸಿದರು. ಆಮೇಲೆ ಬಿಟ್ಟಲ್ಲಿಂದಲೇ ಹಾಡು ಎತ್ತಿಕೊಂಡರು. ನಮ್ಮ ಹೊಳಿ ಸುದ್ದಿ ಕಡಲಾಚಿ ಮಂದಿಗೆ ಮುಟ್ಟಿಸಿದಿ ನನ ಮಗಳ, ಕಾಣದ ಮಂದಿ ಮಾತ ಕಲಿತು ನಮ್ಮವರ ಬಾಯಾಗ ಇಟ್ಟಿ ನನ ಮಗಳ... ಏನಂತ ಹಾಡಬೇಕು ಎಂದಿದ್ದ ಹೆಂಗಸೇ ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದಳು. ನನ್ನ ಸಿಟ್ಟು ಅರ್ಧ ಇಳಿಯಿತು. (ಇನ್ನರ್ಧ ಇಟ್ಟುಕೊಂಡಿದ್ದೇನೆ.)

ನಾವು ಏನೇನೆಲ್ಲ ಕೇಳುತ್ತೇವೆ ನೋಡಿ. ಪಗಾರ ಎಷ್ಟು? ಮದುವೆ ಯಾವಾಗ? ಮನೆ ಕಟ್ಟಿಸಿದಿರಾ? ನೌಕರಿಯ ಹೆಸರು ಸಿಕ್ಕರೆ ಸಾಕು, ಆ ಹೆಸರಿನ ಒಳಗೆ ದಿನವಿಡೀ ಏನು ನಡೆಯುತ್ತದೆ ಎಂದು ಯಾರು ಕೇಳುತ್ತಾರೆ? ಜನ್ಮವಿಡೀ ಒಂದರ ಬೆನ್ನು ಹತ್ತಿದವಳ ಮನೆಯವರಿಗೇ ಅದರ ಹೆಸರು ಗೊತ್ತಿರಲಿಲ್ಲ. ಪ್ರೀತಿ ಇರಲಿಲ್ಲವೇ? ಬೇಕಾದಷ್ಟಿತ್ತು.

ಮಣ್ಣು ಕೊಟ್ಟು ಬಂದು ಕೈಕಾಲು ತೊಳೆದುಕೊಂಡೆವು. ಸಾವಿನ ಮನೆಯಿಂದ ಹೋಗಿ ಬರುತ್ತೇನೆ ಎಂದು ಹೇಳಿ ಹೊರಡಬಾರದು. ಸುಮ್ಮನೆ ಚಪ್ಪಲಿ ಮೆಟ್ಟುತ್ತಿದ್ದೆ. ಶಂಕ್ರಮ್ಮ ಕೈ ಹಿಡಿದು ಕೂರಿಸಿಕೊಂಡರು.

"ಐತವಾರ ಐತವಾರ ಬರ್ತಿದ್ಲವಾ. ಉಂಡೀಯೇನ ಅಂತ ನಾ ಕೇಳ್ತಿದ್ದೆ, ಮಂಡಿ ನೋವು ಹೆಂಗೈತಿ ಅಂತ ಆಕಿ ಕೇಳ್ತಿದ್ಲು. ಆಮ್ಯಾಲ ನಾ ಲಗ್ನದ ಮಾತು ತೆಗೀತಿದ್ದೆ, ಆಕಿ ಸುಮ್ಮನಾಗ್ತಿದ್ಲು. ಅದೇನು ಕಲಸ್ತೀಯವಾ, ನನಗೂ ಒಂದೀಟು ಹೇಳು ಅಂತ ಒಂದಿನಾನೂ ಕೇಳ್ಲಿಲ್ಲ ನಾ. ಕೇಳಿದ್ರ ಹೇಳ್ತಿದ್ಲೇನು?"

ಕೇಳಿದ್ದರೆ ಸುಮಂಗಲಾ ಒಲೆಯ ಮುಂದೆ, ಅಲ್ಲೇ ನೆಲದ ಮೇಲೆ, ಪಾಠ ಶುರು ಮಾಡಿಬಿಡುತ್ತಿದ್ದಳು. ಅದನ್ನು ಆ ತಾಯಿಗೆ ಯಾವ ಬಾಯಿಂದ ಹೇಳಲಿ?