ಪಹಣಿ ಯಾರ ಹೆಸರಿಗೈತಿ

ಸಿರುಗುಪ್ಪದ ಬಸ್ಸಿನಲ್ಲಿ ಕೂತು ಈಗಲೇ ಬರೆಯುತ್ತಿದ್ದೇನೆ. ನಾಳೆಯಾದರೆ ನೆನಪು ಇದನ್ನು ತಿದ್ದಿ ಚಂದ ಮಾಡಿಬಿಡುತ್ತದೆ.

ಅರ್ಧ ಗಂಟೆಯ ಹಿಂದೆ ಕುರುಗೋಡಿನ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಿದ್ದೆವು. ಜೊತೆಗೆ ತಂಗಿಯ ಮಗಳು ಮೀರಾ. ಹುಟ್ಟಿ ಬೆಳೆದದ್ದು ಆಸ್ಟ್ರೇಲಿಯಾದಲ್ಲಿ. ಮಾತು ಮಾತ್ರ ತಾಯಿಯಿಂದ ಬಂದ, ಈ ಸೀಮೆಯ ಬ್ರೂಸ್‌ಪೇಟೆಯದು. ಪಕ್ಕದಲ್ಲಿದ್ದ ರೈತ ಬಸಣ್ಣ ಕೇಳಿದ, "ಯಾವೂರವ್ವ ನಿಂದು?"

"ಆಸ್ಟ್ರೇಲಿಯಾ ರೀ."

"ಅದು ಇರೋ ಊರು. ಸ್ವಂತ ಊರು?"

"ಅದೇ ರೀ. ಆದ್ರ ಆ ನೆಲ ನಮ್ದಲ್ಲ, ಮೊದ್ಲಿಂದ ಅಲ್ಲಿದ್ದ ಜನರ್ದು. ಸಾಲ್ಯಾಗ ಸಭಾ ಶುರು ಮಾಡೂ ಮುಂಚೆ ಅದನ್ನ ಹೇಳ್ತಿದ್ವಿ."

ಇಂಥ ಪದ್ಧತಿಯೊಂದಿದೆಯೆಂದು ನನಗೂ ಗೊತ್ತಿರಲಿಲ್ಲ.

ಬಸಣ್ಣ ಲೋಟ ಕೆಳಗಿಟ್ಟ. "ಪಹಣಿ ಯಾರ ಹೆಸರಿಗೈತಿ?"

"ನಮ್ಮನಿ ಅಪ್ಪನ ಹೆಸರಿಗೈತಿ."

"ಅಂದ್ರ ಬರೇ ಬಾಯಿಮಾತು."

ಮೀರಾಳ ಮುಖ ಕೆಂಪಾಯಿತು. ಅಂಗಡಿಯ ಶಾಂತಮ್ಮ ಚಹಾ ಸೋಸುತ್ತಲೇ ಬಸಣ್ಣನಿಗೆ ಅಂದಳು: "ಸಾಕು ಬಿಡಪ್ಪ. ನೀ ವರ್ಸಾ ನೇಗಿಲು ಹೊಡಿವಾಗ ಮಗ್ಗುಲ ಹೊಲದ ಬದು ಒಂದ್ ಗೇಣು ಒತ್ತತಿ. ಅದನ್ನ ಬಾಯಿಮಾತಿಗಾದ್ರೂ ಒಪ್ಪೀಯೇನು?"

ಎಲ್ಲರೂ ನಕ್ಕರು. ಮೀರಾ ನಗಲಿಲ್ಲ. "ಬಾಯಿಮಾತು ಸಾಲಂಗಿಲ್ಲ, ಗೊತ್ತೈತ್ರಿ. ಹಂಗಂತ ಹೇಳೂದು ಬಿಡಂಗಿಲ್ಲ. ಊರು ಕೇಳಿದ್ರ ನಮ್ಮೂರು ಅಂತನೂ, ನೆಲ ನಮ್ದಲ್ಲ ಅಂತನೂ, ಎರಡೂ ಹೇಳಾಕಿನ."

ಈಗ ಬಸ್ಸಿನಲ್ಲಿ ಮುಂದಿನ ಸೀಟಿನ ಮುದುಕಿಯೊಬ್ಬಳು ತಿರುಗಿ, "ಯಾವೂರವ್ವ?" ಅಂದಳು. ಮೀರಾ ಬಾಯಿ ತೆರೆಯುವ ಮೊದಲೇ ಇದೇ ಬಸ್ಸು ಹತ್ತಿದ್ದ ಬಸಣ್ಣನ ದನಿ ಹಿಂದಿನ ಸೀಟಿನಿಂದ ಬಂತು:

"ಆಸ್ಟ್ರೇಲಿಯಾ. ಸ್ವಂತ ಊರೇ. ಪೂರಾ ಕೇಳಬೇ, ಇನ್ನೂ ಒಂದು ಮಾತೈತಿ."